ಟ್ರಂಕಿನ ತಳದ ಪೇಪರು

ಹೋದ ತಿಂಗಳು ಅಥಣಿಯಲ್ಲಿ ನನ್ನ ತಂಗಿಯ ಮನೆಗೆ ಬಣ್ಣ ಹಚ್ಚುವವರು ಬರುವವರಿದ್ದರು. ಅದಕ್ಕಾಗಿ ಮೇಲಿನ ಕೋಣೆಯಲ್ಲಿದ್ದ ಎರಡು ಹಳೆಯ ಟ್ರಂಕುಗಳನ್ನು ಪಡಸಾಲೆಗೆ ಇಳಿಸಿದ್ದರು. ತಂಗಿಯ ಸೊಸೆ ಅಶ್ವಿನಿ ಒಂದರ ಮುಚ್ಚಳ ತೆರೆದದ್ದೇ ತಡ, ಡಾಂಬರ ಗುಳಿಗೆ, ಇಳಕಲ್ ಸೀರೆ, ತುಕ್ಕು, ಒಣಗಿದ ಬೇವಿನೆಲೆ ಎಲ್ಲ ಕೂಡಿದ ವಾಸನೆಯೊಂದು ಎದ್ದು ಬಂತು. ಮಂಡಿನೋವಿನ ಮುದುಕಿ ನಾನು. ಸುಮ್ಮನೆ ಕುರ್ಚಿಯಲ್ಲಿ ಕೂತಿರಬೇಕಾದವಳು ಎದ್ದೆ. ಸೀರೆಗಳನ್ನು ಒಂದೊಂದಾಗಿ ಅವಳ ಕೈಗೆ ಕೊಟ್ಟು, ತಳದಲ್ಲಿ ಹಾಸಿದ್ದ ಪೇಪರಿನ ಅಂಚು ಹಿಡಿದು ಮೆಲ್ಲಗೆ ಎಬ್ಬಿಸಿದೆ.

"ಏನ ಹುಡಕಾಕತ್ತೀರಿ ಮೌಶಿ? ಬಂಗಾರ ಗಿಂಗಾರ ಇಟ್ಟೀರೇನ?" ಎಂದು ಅಶ್ವಿನಿ ನಕ್ಕಳು.

"ಬಂಗಾರ ಅಲ್ಲ, ಮೈ ಡಿಯರ್. ಒಂದು ನಾವಿ."

ಪಾಪ, ಮೌಶಿಗೆ ವಯಸ್ಸಾಯಿತು ಎನ್ನುವ ಹಾಗೆ ಅವಳು ನನ್ನ ಮುಖ ನೋಡಿದಳು. ಹಾಗಾಗಿ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಸೀರೆಗಳ ರಾಶಿಯ ನಡುವೆಯೇ, ಚಿಕ್ಕೋಡಿಯ ಆ ಒಂದು ವರ್ಷದ ಕತೆ ಹೇಳಬೇಕಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರಿಗೆ ಚಿಕ್ಕೋಡಿಗೆ ಟ್ರಾನ್ಸ್‌ಫರ್ ಆಯಿತು. ನಾನು ಬೆಳಗಾವಿ ಕ್ಯಾಂಪಿನ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯ ಗೇಟು ದಾಟಿದರೆ ಬರೀ ಇಂಗ್ಲಿಷ್. ಪುಸ್ತಕದ ಹಾಳೆಯನ್ನು ಮೇಲಿನ ಮೂಲೆಯಿಂದಲೇ ತಿರುವಬೇಕು, ಬೆರಳಿಗೆ ಉಗುಳು ಹಚ್ಚಿದರೆ ಪಾಪ ಬರುತ್ತದೆ ಎಂದು ಸಿಸ್ಟರ್‌ಗಳು ಕಲಿಸಿದ್ದರು. ಆ ಹುಚ್ಚಿನಲ್ಲೇ ಲೈಬ್ರರಿ ಸೈನ್ಸ್ ಡಿಗ್ರಿ ಮಾಡಿಕೊಂಡಿದ್ದೆ. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ನನ್ನ ಟ್ರಂಕಿನಲ್ಲಿ ಮಲಗಿತ್ತು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ರಿಟೈರ್ ಆಗಿದ್ದರು, ಹೊಸಬರು ಬರುವುದಕ್ಕೆ ಒಂದು ವರ್ಷವಾಗುತ್ತಿತ್ತು. ಅಲ್ಲಿಯವರೆಗೆ ನೀವು ಬರುತ್ತೀರಾ ಎಂದು ಕೇಳಿದರು. ಜೂನ್ ತಿಂಗಳ ಮೊದಲ ಮಳೆಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲಾಗದಂಥ ದಿನ ನಾನು ಆ ಕಾಲೇಜಿನ ಮೆಟ್ಟಿಲು ಹತ್ತಿದೆ.

ಮಹಡಿಯ ಮೇಲೆ ಒಂದೇ ಉದ್ದನೆಯ ಕೋಣೆ. ಗೋಡೆಗುಂಟ ಗಾಜಿನ ಬಾಗಿಲಿನ ಕಪಾಟುಗಳು, ಎಲ್ಲಕ್ಕೂ ಬೀಗ. ಕೀಲಿಕೈ ಗೊಂಚಲು ಅಟೆಂಡರ್ ಸಿದ್ದಪ್ಪನ ಸೊಂಟದಲ್ಲಿ. ಸಿದ್ದಪ್ಪ ಹತ್ತಿರದ ಕರೋಶಿಯವನು, ಕುರಿ ಕಾಯುವ ಮನೆತನದವನು. ಪುಸ್ತಕಗಳನ್ನೂ ಅವನು ಕುರಿಗಳ ಹಾಗೆಯೇ ಕಾಯುತ್ತಿದ್ದ. ಸಂಜೆಯಾದರೆ ಎಲ್ಲವೂ ದೊಡ್ಡಿಗೆ ಮರಳಿರಬೇಕು, ಒಂದೂ ತಪ್ಪಿಸಿಕೊಳ್ಳಬಾರದು. ಹುಡುಗರು ಕಿಟಕಿಯಲ್ಲಿ ಚೀಟಿ ಕೊಟ್ಟರೆ ಪುಸ್ತಕ ಕಿಟಕಿಗೆ ಬರುತ್ತಿತ್ತು. ಹುಡುಗಿಯರಂತೂ ಒಳಗೆ ಕಾಲಿಟ್ಟವರೇ ಅಲ್ಲ; ಲೇಡೀಸ್ ರೂಮಿನಿಂದ ಚೀಟಿ ಕಳಿಸುತ್ತಿದ್ದರು, ಸಿದ್ದಪ್ಪ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದ.

ಕ್ಯಾಟಲಾಗ್ ಎಂಬುದೊಂದಿತ್ತು. ಸಣ್ಣ ಸಣ್ಣ ಡ್ರಾಯರುಗಳು, ಪ್ರತಿ ಪುಸ್ತಕಕ್ಕೊಂದು ಕಾರ್ಡು, ಲೇಖಕರ ಹೆಸರಿನ ಮೊದಲ ಅಕ್ಷರದ ಪ್ರಕಾರ ಜೋಡಿಸಬೇಕಾದದ್ದು. ತೆರೆದು ನೋಡಿದೆ. 'ಕ' ಖಾಲಿ. 'ಬ' ಖಾಲಿ. 'ಶ' ಮಾತ್ರ ಎಳೆದರೆ ಬರದಷ್ಟು ಬಿಗಿಯಾಗಿ ತುಂಬಿತ್ತು. ನನಗಿಂತ ಮುಂಚಿನ ಲೈಬ್ರರಿಯನ್ ಬಹಳ ಮರ್ಯಾದಸ್ಥ ಮನುಷ್ಯ, ಗಾಡ್ ಬ್ಲೆಸ್ ಹಿಮ್. ಪ್ರತಿಯೊಬ್ಬ ಲೇಖಕನಿಗೂ 'ಶ್ರೀ' ಹಚ್ಚಿ, ಆ ಶ್ರೀಯ ಪ್ರಕಾರವೇ ಎಲ್ಲರನ್ನೂ ಒಂದೇ ಡ್ರಾಯರಿನಲ್ಲಿ ಕೂಡಿಸಿದ್ದರು. ಹೆಂಗಸರು ಅದರ ಹಿಂದೆ 'ಶ್ರೀಮತಿ' ಎಂದು ಬೇರೆ ಸಾಲಿನಲ್ಲಿ. ಇಂಗ್ಲಿಷ್ ಲೇಖಕರಿಗೂ ಆ ಗೌರವ ತಪ್ಪಿರಲಿಲ್ಲ.

ನಾನು ಕೆಂಪು ಪೆನ್ನು ಹಿಡಿದು ಶ್ರೀಗಳನ್ನು ಹೊಡೆದು ಹಾಕಲು ಕೂತಾಗ ಸಿದ್ದಪ್ಪನಿಗೆ ಜೀವ ತಡೆಯಲಿಲ್ಲ.

"ಶ್ರೀ ತಗೀಬ್ಯಾಡ್ರಿ ಬಾಯಾರ. ತಗದ್ರ ಮಂದಿ ಸತ್ತಾರ ಅಂತ ತಿಳೀತಾರ."

"ಸಿದ್ದಪ್ಪ, ಇವರೊಳಗ ಅರ್ಧ ಮಂದಿ ಸತ್ತ ಹೋಗ್ಯಾರ."

"ಹಂಗಾರ ಅವರಿಗೆ ಕೈಲಾಸವಾಸಿ ಅಂತ ಬರೀರಿ. ಬರೇ ಹೆಸರ ಹಿಡದ ಕರಿಯೂದು ಚೊಲೋ ಕಾಣೂದಿಲ್ಲ."

ಆ ಮಳೆಗಾಲವೆಲ್ಲ ಕಾರ್ಡು ಬರೆಯುವುದರಲ್ಲೇ ಹೋಯಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಸಿದ್ದಪ್ಪನ ನಿಟ್ಟುಸಿರು.

ಅದೇ ವರ್ಷ ಇತಿಹಾಸದ ಮಗದುಮ್ ಸರ್ ಬಿ.ಎ. ಕೊನೆಯ ವರ್ಷದವರಿಗೆ ಒಂದು ಹೊಸ ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ಒಂದು ದೊಡ್ಡ ಪ್ರಬಂಧ ಬರೆಯಬೇಕು, ಗೈಡಿನಿಂದ ಕಾಪಿ ಹೊಡೆಯಬಾರದು, ಯಾವ ಮಾತು ಎಲ್ಲಿಂದ ಬಂತು ಎಂದು ಕೆಳಗೆ ಆಧಾರ ಕೊಡಬೇಕು. ಎಲ್ಲಕ್ಕಿಂತ ಚೆನ್ನಾಗಿ ಬರೆದವರು ಧಾರವಾಡಕ್ಕೆ ಹೋಗಿ ಬೇರೆ ಕಾಲೇಜಿನವರ ಮುಂದೆ ಅದನ್ನು ಓದಬೇಕು. ಮಗದುಮ್ ಸರ್ ಖಡಕ್ ಮನುಷ್ಯ, ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. ಒಂದು ದಿನ ಲೈಬ್ರರಿಗೆ ಬಂದು, "ಬಾಯಾರ, ಇವಕ್ಕ ಪುಸ್ತಕ ನೋಡೂದು ಹೆಂಗಂತ ನೀವ ಕಲಸ್ರಿ. ನನ್ನ ಮಾತ ಕೇಳಿದ್ರ ಇವು ಹೆದರತಾವ" ಎಂದರು.

ಶನಿವಾರ ಮುಂಜಾನೆಯ ಕಾಲೇಜು ಬಿಟ್ಟ ಮೇಲೆ ಕ್ಲಾಸು ಶುರುವಾಯಿತು. ನನ್ನ ಷರತ್ತು ಒಂದೇ: ಕಪಾಟುಗಳ ಬೀಗ ತೆಗೆದಿರಬೇಕು. ಸಿದ್ದಪ್ಪ ಬಾಗಿಲಲ್ಲಿ ಕೂತು ಎಲ್ಲರ ಕಂಕುಳ ಕಡೆ ನೋಡುತ್ತಿದ್ದ. ನಾನು ಕಾರ್ಡಿನಿಂದ ಕಪಾಟಿಗೆ ಹೋಗುವುದು, ಪುಸ್ತಕದ ಹಿಂದಿನ ಇಂಡೆಕ್ಸ್ ನೋಡುವುದು, ಫುಟ್‌ನೋಟ್ ಬರೆಯುವುದು, ಎಲ್ಲ ಹೇಳಿಕೊಟ್ಟೆ. ಕಾಗವಾಡದ ಜೈನರ ಹುಡುಗ ಬಾಹುಬಲಿ ಎರಡನೇ ವಾರಕ್ಕೇ ದ್ರಾಕ್ಷಿಯ ಇತಿಹಾಸ ಬರೆದು ತಂದ. ಬಹಳ ಛಂದ ಅಕ್ಷರ. ನಡುವೆ ಒಂದು ಕಡೆ 'ನಾಲ್ಕನೆಯ ಚಿತ್ರವನ್ನು ನೋಡಿರಿ' ಎಂದಿತ್ತು.

"ಚಿತ್ರ ಎಲ್ಲೈತೋ ಬಾಹುಬಲಿ?"

"ವಿಶ್ವಕೋಶದಾಗ ಐತ್ರಿ."

"ನಿನ್ನ ಪ್ರಬಂಧದಾಗ?"

"ನಮ್ಮದ್ರಾಗ ಬರೇ ನೋಡಿರಿ ಅಂತ ಐತ್ರಿ ಬಾಯಾರ."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆಗಲೇ ಬಾಗಿಲ ಹೊರಗೆ ಯಾರೋ ಮೆಲ್ಲಗೆ ನಕ್ಕ ಸದ್ದಾಯಿತು. ನೋಡಿದರೆ ಓಢಣಿ ತಲೆತುಂಬ ಹೊದ್ದ ಒಬ್ಬ ಹುಡುಗಿ, ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಮೇಲೆ ನಿಂತಿದ್ದಳು.

"ಒಳಗ ಬರ್ಲೇನ್ರಿ?"

"ಇದು ಲೈಬ್ರರಿ ತಂಗಿ, ದೇವರ ಕೋಣಿ ಅಲ್ಲ. ಚಪ್ಪಲ್ ಹಾಕ್ಕೊಂಡ ಬಾ."

ಆ ಕೋಣೆಯೊಳಗೆ ಕಾಲಿಟ್ಟ ಮೊದಲ ಹುಡುಗಿ ಶಮೀಮಾ. ಕುಡಚಿಯವಳು, ಚಿಕ್ಕೋಡಿಯಲ್ಲಿ ಖಾಲಾನ, ಅಂದರೆ ತಾಯಿಯ ತಂಗಿಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಹಿಂದೆ ಮುಂದಿನ ಶನಿವಾರ ಇನ್ನೂ ಇಬ್ಬರು ಬಂದರು, ಆಮೇಲೆ ಲೇಡೀಸ್ ರೂಮಿಗೆ ಚೀಟಿ ಹೋಗುವುದು ತಾನಾಗಿ ನಿಂತಿತು.

ಶಮೀಮಾಳಿಗೆ ನಾವೆಯ ಬಗ್ಗೆ ಬರೆಯಬೇಕಿತ್ತು. ಅವಳ ತಾಯಿಯ ತಂದೆ, ಅವಳು ನಾನಾ ಎಂದು ಕರೆಯುತ್ತಿದ್ದ ಮುದುಕ, ಕುಡಚಿಯ ಹತ್ತಿರ ಕೃಷ್ಣಾ ನದಿಯಲ್ಲಿ ಜೀವಮಾನವೆಲ್ಲ ನಾವೆ ನಡೆಸಿದವನು. ಈಗ ಕೈಲಾಗದೆ ಮನೆ ಹಿಡಿದಿದ್ದ. ಆ ಭಾಗದವರೆಲ್ಲ 'ದೊಡ್ಡ ಹೊಳಿ ಬಂದ ವರ್ಷ' ಎಂದು ಹೇಳುವ ಒಂದು ಮಹಾಪೂರದಲ್ಲಿ ಆತ ನಡುಗಡ್ಡೆಯ ಜನರನ್ನು ದಾಟಿಸಿದ್ದನಂತೆ. ಬೆಳಗಾವಿಯಿಂದ ಫೋಟೋದವನು ಬಂದಿದ್ದನಂತೆ. ಪೇಪರಿನಲ್ಲಿ ನಾವೆಯ ಫೋಟೋ ಬಂದಿತ್ತಂತೆ.

"ಮನ್ಯಾಗ ಯಾರೂ ನಂಬೂದಿಲ್ರಿ ಬಾಯಾರ. ನಾನಾ ಬಾಯಿ ತಗದ್ರ ಸಾಕ, ಬಂತ ನೋಡ ಪೇಪರ್ ನಾವಿ ಅಂತಾರ. ಮಾಮೂನ ಮಕ್ಕಳಂತೂ ಅವರ ಎದರಿಗೇ ನಗತಾವ. ಅವರ ಈಗ ಹೇಳೂದ ಬಿಟ್ಟಾರ್ರಿ. ಸುಮ್ಮ ಕುಂದರತಾರ."

ಮಗದುಮ್ ಸರ್ ಅವಳಿಗೆ ಹೇಳಿದ್ದು ಇಷ್ಟೇ: ಬಾಯಿಮಾತು ಇತಿಹಾಸ ಅಲ್ಲವ್ವಾ, ಅಚ್ಚಿನಲ್ಲಿರುವ ಆಧಾರ ತಾ, ಇಲ್ಲದಿದ್ದರೆ ಎಲ್ಲರ ಹಾಗೆ ಅಶೋಕನ ಶಾಸನ ತಗೋ. ಆ ಪೇಪರು ಸಿಕ್ಕರೆ ಅವಳಿಗೆ ಪ್ರಬಂಧ, ನಾನಾನಿಗೆ ಮತ್ತೆ ಬಾಯಿ.

"ಸಿಂಪಲ್" ಎಂದೆ ನಾನು. ಕಾನ್ವೆಂಟಿನ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳನ್ನು ವರ್ಷವರ್ಷದಂತೆ ರಟ್ಟು ಕಟ್ಟಿ ಇಡುತ್ತಿದ್ದರು. "ಸಿದ್ದಪ್ಪ, ಹಳೇ ಪೇಪರ್ ಫೈಲ್ ಎಲ್ಲವ?"

"ಫೈಲ್ ಎಲ್ಲೀವು ತಂದೀರಿ? ದೀಪಾವಳಿ ಬಂತಂದ್ರ ರದ್ದಿಯವಗ ಕೊಡೂದು, ಜಾಡಸೂದು, ಸುಣ್ಣಾ ಹಚ್ಚೂದು. ಕಾಲೇಜ ಹುಟ್ಟಿದಾಗಿಂದ ಹಂಗ ಐತ್ರಿ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಶಮೀಮಾ ಓಢಣಿಯ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು. ನಮ್ಮಿಬ್ಬರ ಮುಖ ನೋಡಲಾಗದೆ ಸಿದ್ದಪ್ಪನೇ ಗಂಟಲು ಸರಿಮಾಡಿಕೊಂಡ.

"ಹಳೇ ಪೇಪರ್ ಬೇಕಂದ್ರ ಒಂದ ಕಡೆ ಇರತಾವ್ರಿ. ಹೆಣಮಕ್ಕಳ ಟ್ರಂಕಿನ ತಳದಾಗ."

ನಮ್ಮ ಕಡೆಯ ರೂಢಿ ಅದು. ನನಗೂ ಗೊತ್ತಿದ್ದದ್ದೇ, ಆದರೆ ಕಣ್ಣಿಗೆ ಬಿದ್ದಿರಲಿಲ್ಲ. ಮದುವೆಯಲ್ಲಿ ಮಗಳಿಗೆ ಹೊಸ ಟ್ರಂಕು ಕೊಡುವಾಗ ಅದರ ತಳಕ್ಕೆ ತಂದೆಯೇ ತನ್ನ ಕೈಯಿಂದ ಪೇಪರು ಹಾಸುತ್ತಾನೆ, ಮೇಲೆ ನಾಲ್ಕು ಬೇವಿನೆಲೆ ಹಾಕುತ್ತಾನೆ. ಆಮೇಲೆ ತಾಯಿ ಸೀರೆ ಇಡುತ್ತಾಳೆ. ಬೇವಿನೆಲೆ ವರ್ಷವರ್ಷ ಬದಲಾಗುತ್ತದೆ. ಪೇಪರನ್ನು ಮಾತ್ರ ಯಾವ ಹೆಣ್ಣುಮಗಳೂ ಬದಲಿಸುವುದಿಲ್ಲ. ಯಾರೂ ಹಾಗೆ ಕಟ್ಟಳೆ ಮಾಡಿಲ್ಲ. ಕೈ ಬರುವುದಿಲ್ಲ, ಅಷ್ಟೇ.

"ನಮ್ಮ ಅಮ್ಮೀ ಟ್ರಂಕಿನಾಗೂ ಐತ್ರಿ!" ಎಂದು ಶಮೀಮಾ ತಲೆ ಎತ್ತಿದಳು.

ಕರಿಹಲಗೆಯ ಮೇಲೆ ಎಲ್ಲರೂ ಕೂಡಿ ಲೆಕ್ಕ ಹಾಕಿದೆವು. ದೊಡ್ಡ ಹೊಳಿ ಬಂದದ್ದು ಶ್ರಾವಣದಲ್ಲಿ. ಶ್ರಾವಣದ ಪೇಪರು ರದ್ದಿಯಾಗಿ ಅಂಗಡಿ ಸೇರುವುದು ದೀಪಾವಳಿಗೆ. ತುಳಸಿ ಲಗ್ನ ಮುಗಿದರೆ ಮದುವೆಗಳು. ಅಂದರೆ ಆ ಚಳಿಗಾಲದಲ್ಲಿ ಲಗ್ನವಾದ ಹೆಂಗಸರನ್ನು ಹುಡುಕಬೇಕು. ಆನೆಸ್ಟ್‌ಲಿ, ನನ್ನ ಡಿಗ್ರಿಯಲ್ಲಿ ಯಾರೂ ಕಲಿಸದ ಕ್ಲಾಸಿಫಿಕೇಶನ್ ಅದು. ಇಡೀ ಕ್ಲಾಸಿನ ಹುಡುಗ ಹುಡುಗಿಯರು ತಮ್ಮ ಪ್ರಬಂಧ ಬಿಟ್ಟು ಶಮೀಮಾಳ ನಾವೆಯ ಬೆನ್ನು ಹತ್ತಿದರು. ದೊಡ್ಡ ಹೊಳಿ ಬಂದ ವರ್ಷ ಯಾರ ಲಗ್ನ ಆತು ಎಂದು ಕೇಳಿದರೆ ಯಾವ ಊರಿನ ಮುದುಕಿಯಾದರೂ ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದಳು.

ಸೋಮವಾರ ಬಂತೆಂದರೆ ಲೈಬ್ರರಿಯಲ್ಲಿ ವರದಿ. ತೆಲಸಂಗದವನೊಬ್ಬ ತನ್ನ ದೊಡ್ಡವ್ವನ ಟ್ರಂಕಿನಲ್ಲಿ ಜೋಳದ ಧಾರಣೆಯ ಪುಟ ನೋಡಿ ಬಂದ. ನಿಪ್ಪಾಣಿಯ ಹುಡುಗಿಗೆ ಸಿಕ್ಕದ್ದು ಮರಾಠಿ ಪೇಪರು. ತಂಬಾಕಿನ ವಾಸನೆ ಹೊಡೆಯುತ್ತಿತ್ತಂತೆ, ಸೀರೆ ಮಡಿಕೆಯಲ್ಲೂ ತಂಬಾಕಿನ ಎಲೆ ಇಡುವ ಊರು ಅದು. ಬಾಹುಬಲಿ ಮಾತ್ರ ಮುಖ ಊದಿಸಿಕೊಂಡು ಬಂದ.

"ನಮ್ಮ ಆಯಿ ಟ್ರಂಕ್ ಮುಟ್ಟಾಕ ಕೊಡಲಿಲ್ರಿ. ನಿಮ್ಮ ಬಾಯಾರು ಲೈಬ್ರರಿಯವರೋ ಪೊಲೀಸರೋ ಅಂತ ಕೇಳಿದ್ಲು."

ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಆ ವರ್ಷದ ರದ್ದಿಯನ್ನು ನಾನು ಕೊಡಲು ಬಿಡಲಿಲ್ಲ. ಸಿದ್ದಪ್ಪ ಗೊಣಗುತ್ತಲೇ ದಾರ ಕಟ್ಟಿ ಅಟ್ಟಕ್ಕೆ ಏರಿಸಿದ. ಗಾಣಗಳು ಶುರುವಾಗಿ ಊರ ತುಂಬ ಬೆಲ್ಲ ಕುದಿಯುವ ವಾಸನೆ ಬಂತು. ಪ್ರಬಂಧ ಕೊಡುವ ದಿನ ಹತ್ತಿರವಾಗುತ್ತಿತ್ತು. ಒಂದು ಶನಿವಾರ ಶಮೀಮಾ ಕಪಾಟಿನಿಂದ ಅಶೋಕನ ಶಾಸನದ ಪುಸ್ತಕ ತಾನೇ ತೆಗೆದು ಮೇಜಿನ ಮೇಲಿಟ್ಟಳು. ಹಾಳೆ ಮಾತ್ರ ತಿರುವಲಿಲ್ಲ.

ಅದನ್ನು ನೋಡಿದ ಸಿದ್ದಪ್ಪ ಬಾಗಿಲಿಂದ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಗಿದ. "ನಮ್ಮ ಅಕ್ಕಂದು ಅದ ವರ್ಷ ಲಗ್ನ ಆಗಿದ್ದು ಬಾಯಾರ. ನಾ ಹೇಳಿರಲಿಲ್ಲ. ಆಕಿ ಭಾಳ ಜಿಗುಟ. ಆದರ ಹೋಗೂಣ ಬರ್ರಿ."

ಮರುದಿನ ಭಾನುವಾರ ನಾನು, ಶಮೀಮಾ, ಸಿದ್ದಪ್ಪ ಬಸ್ಸಿನಲ್ಲಿ ಕರೋಶಿಗೆ ಹೋದೆವು. ಸೀತನಿಯ ಕಾಲ. ಹೊಲದಲ್ಲಿ ಎಳೆಯ ಜೋಳದ ತೆನೆ ಸುಡುವ ಹೊಗೆ ದಾರಿಯುದ್ದಕ್ಕೂ. ಸಿದ್ದಪ್ಪನ ಅಕ್ಕ ಗಂಗವ್ವ ಅಂಗಳದಲ್ಲಿ ಕುರಿಮರಿಯೊಂದನ್ನು ಕಾಲ ನಡುವೆ ಹಿಡಿದುಕೊಂಡು ಅದರ ಗೊರಸು ನೋಡುತ್ತಿದ್ದಳು. ನಮಗೆ ಸೀತನಿ, ಬೆಲ್ಲ, ಶೇಂಗಾ ಚಟ್ನಿಪುಡಿ ಕೊಟ್ಟು, ನಾವು ತಿನ್ನುವವರೆಗೆ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳಿದ ಮೇಲೆ ಮುಖ ಗಂಟು ಹಾಕಿದಳು.

"ನಮ್ಮಪ್ಪ ಹಾಸಿದ್ದು. ಎತ್ತಬ್ಯಾಡ್ರಿ."

"ಎತ್ತೂದಿಲ್ಲಬೇ, ಬರೇ ನೋಡತಾರ" ಎಂದ ಸಿದ್ದಪ್ಪ.

"ನೀ ಸುಮ್ಮಿರಲೇ. ನಿನಗೇನ ಗೊತ್ತ? ಅಪ್ಪ ಹಾಸುವಾಗ ನೀ ಮೂಗ ಸೋರಸ್ಕೊಂತ ನಿಂತಿದ್ದಿ."

ಆಗ ಶಮೀಮಾ ಮೊದಲ ಸಲ ಬಾಯಿ ತೆಗೆದಳು. ನಾನಾನ ಬಗ್ಗೆ, ಎದುರಿಗೇ ನಗುವ ಮೊಮ್ಮಕ್ಕಳ ಬಗ್ಗೆ, ಹೇಳುವುದನ್ನೇ ಬಿಟ್ಟು ಸುಮ್ಮನೆ ಕೂಡುವ ಮುದುಕನ ಬಗ್ಗೆ ಹೇಳಿದಳು. ಗಂಗವ್ವ ಮರಿಯನ್ನು ಕೆಳಗೆ ಬಿಟ್ಟಳು. ಕೈ ತೊಳೆದುಕೊಂಡು ಬಂದು ಟ್ರಂಕು ತೆರೆದು, ಸೀರೆ ಕುಬಸಗಳನ್ನು ತಾನೇ ತೆಗೆದಳು. ಪೇಪರಿನ ಮುಖ ಕೆಳಗಿತ್ತು. ಅವಳು ತಿರುಗಿಸಿದಳು.

ಹಳದಿಗಟ್ಟಿದ ಹಾಳೆಯ ಮೇಲಿನ ಅರ್ಧದಲ್ಲಿ ನೀರು, ನೀರಿನ ನಡುವೆ ಒಂದು ನಾವೆ. ತುಂಬ ಜನ, ಎರಡು ಆಡು, ಒಂದು ಗಂಟುಮೂಟೆ. ಹಿಂದೆ ನಾವೆ ತಳ್ಳುವ ಉದ್ದನೆಯ ಗಳ ಹಿಡಿದು ನಿಂತವನ ಬೆನ್ನು. ಕೆಳಗೆ ಅಚ್ಚಾದ ಸಾಲಿನಲ್ಲಿ ಕುಡಚಿಯ ಹೆಸರಿತ್ತು, ನಾವಿಕನ ಹೆಸರಿರಲಿಲ್ಲ.

ಶಮೀಮಾ ಬಾಯಿಗೆ ಓಢಣಿ ಒತ್ತಿಕೊಂಡಳು. ನಾನು ನನ್ನ ಕಾನ್ವೆಂಟ್ ಶಿಸ್ತೆಲ್ಲ ಬಿಟ್ಟು "ಓ ಮೈ ಗಾಡ್" ಎಂದು ಕೂಗಿಬಿಟ್ಟೆ. ಕುರಿಗಳು ಬೆದರಿದವು.

"ಒಯ್ದ ಅಜ್ಜಗ ತೋರಿಸ್ರಿ" ಎಂದಳು ಗಂಗವ್ವ. "ಆದರ ಹೊಳ್ಳಿ ತಂದ ಕೊಡಬೇಕ. ತಡಾ ಆದ್ರ ನೀವ ಹುಡುಗೋರಿಗೆ ಹಾಕತೀರಲ್ಲ, ಅದೇನದು, ಫೈನು, ಅದನ್ನ ನಿಮಗ ಹಾಕತೀನಿ."

ಹೀಗೆ ಲೈಬ್ರರಿಯೇ ಓದುಗರಿಂದ ಸಾಲ ಪಡೆದದ್ದು ಅದೊಂದೇ ಸಲ ಇರಬೇಕು. ಎರಡು ರಟ್ಟಿನ ನಡುವೆ ಪೇಪರನ್ನಿಟ್ಟು ಮುಂದಿನ ಭಾನುವಾರ ನಾನೂ ಶಮೀಮಾಳೂ ಕುಡಚಿಗೆ ಹೋದೆವು. ದಾರಿಯುದ್ದಕ್ಕೂ ಆ ರಟ್ಟನ್ನು ಸರದಿಯಂತೆ ತೊಡೆಯ ಮೇಲಿಟ್ಟುಕೊಂಡೆವು, ಅಷ್ಟು ಖುಷಿ.

ನಾನಾ ಬಿಸಿಲಿಗೆ ಕಟ್ಟೆಯ ಮೇಲೆ ಕೂತಿದ್ದರು. ತೆಳ್ಳಗೆ, ಉದ್ದಕ್ಕೆ, ಬಿಳಿ ಗಡ್ಡ. ಶಮೀಮಾ ರಟ್ಟು ಬಿಚ್ಚಿ ಪೇಪರನ್ನು ಅವರ ತೊಡೆಯ ಮೇಲಿಟ್ಟಾಗ ಮನೆಯ ಮಕ್ಕಳೆಲ್ಲ ಸುತ್ತ ಮುತ್ತಿದರು. ಮಾಮೂ ಕೂಡ ಒಳಗಿಂದ ಬಂದ. ನಾನಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದರು.

"ಇದು ನಂದಲ್ಲ ಬೇಟಿ."

ಅವರು ಫೋಟೋದಲ್ಲಿನ ಗಳದ ಮೇಲೆ ಬೆರಳಿಟ್ಟರು.

"ಇದು ಯಲ್ಲಪ್ಪಂದು. ಆಚೆ ದಂಡಿ ಅಂಬಿಗರ ಯಲ್ಲಪ್ಪ. ಗಳಾ ಹಿಡದದ್ದ ನೋಡ, ಎಡಗೈ ಮ್ಯಾಲ ಐತಿ, ಬಲಗೈ ಕೆಳಗ. ಅಂವ ಎಡಚ. ನಂದು ಬಲಗೈ."

"ನಾನಾ, ಮುಖ ಕಾಣೂದಿಲ್ಲ" ಎಂದಳು ಶಮೀಮಾ. "ನಿಮ್ಮದ ಅಂದ್ರ ಯಾರಿಗೆ ಗೊತ್ತಾಕ್ಕೈತಿ? ಯಲ್ಲಪ್ಪಜ್ಜ ತೀರಿಕೊಂಡ ಎಷ್ಟ ದಿನ ಆತು."

"ಅಂವ ಸತ್ರ ಅವನ ನಾವಿ ನಂದಾಕ್ಕೈತೇನ?"

ಆಮೇಲೆ ಅವರು ಹೇಳಿದ್ದು ಇದು. ಫೋಟೋದವನು ಇಬ್ಬರ ನಾವೆಯನ್ನೂ ತೆಗೆದಿದ್ದ. ಪೇಪರನ್ನು ಅವರು ಕಣ್ಣಿನಿಂದ ನೋಡಿದವರೇ ಅಲ್ಲ. ಯಾರೋ ದಾಟುವವರು 'ನಿನ್ನ ನಾವಿ ಪೇಪರಿನ್ಯಾಗ ಬಂದೈತಿ' ಎಂದಿದ್ದರು, ಅದನ್ನೇ ನಂಬಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಅದೂ ಯಾರ ಮುಂದೆ? ಯಲ್ಲಪ್ಪನ ಮುಂದೆಯೇ, ಅವನ ಮನೆಯ ಕಟ್ಟೆಯ ಮೇಲೆಯೇ ಕೂತು.

"ಅವಗ ಯಾರೂ ಹೇಳಲಿಲ್ಲ ನೋಡ" ಎಂದು ತಮಗೆ ತಾವೇ ಅಂದುಕೊಂಡರು. "ಅವಂದ ಬಂದಿತ್ತು, ನಾ ಬಡಾಯಿ ಹೊಡದೆ." ತುಸು ಹೊತ್ತಿಗೆ ಎದ್ದು ನಿಂತು ಟೊಪ್ಪಿಗೆ ಹಾಕಿಕೊಂಡರು. "ನಡೀರಿ. ಅವನ ಮನಿಯಾಕಿ ಅದಾಳ. ತೋರಿಸಿ ಬರೂಣ."

ಮೂವರೂ ನದಿಗೆ ಇಳಿದೆವು. ಚಳಿಗಾಲದ ಕೃಷ್ಣೆ ತಳ ಕಾಣುವಷ್ಟು ತಿಳಿಯಾಗಿತ್ತು. ನಾವೆ ನಡೆಸುತ್ತಿದ್ದವನು ನಾನಾನನ್ನು ನೋಡಿ ಗಳ ಅವರ ಕಡೆ ಚಾಚಿದ. ಅವರು ಬೇಡವೆಂದು ಕೈಯಾಡಿಸಿ, ಪೇಪರಿನ ರಟ್ಟನ್ನು ಎದೆಗೆ ಅವುಚಿಕೊಂಡು ಕೂತರು.

ಯಲ್ಲಪ್ಪನ ಹೆಂಡತಿ ಸತ್ಯವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಪೇಪರು ನೋಡಿದಳು. ಬೆರಳಿನಿಂದ ಆ ಬೆನ್ನನ್ನು ಮುಟ್ಟಿದಳು. ಅತ್ತಾಳು ಅಂದುಕೊಂಡೆ. ಅವಳು ನಕ್ಕಳು.

"ಹೌದ, ಇದ ಆ ಪೇಪರು. ಆ ವರ್ಷನ ಯಾರೋ ತಂದ ತೋರಿಸಿದ್ರು."

ನಾನಾ ಕಟ್ಟೆ ಹಿಡಿದುಕೊಂಡರು. "ಅವಗ ಗೊತ್ತಿತ್ತ?"

"ಗೊತ್ತಿರಲಾರದ ಏನ. ನೀವ ಇಲ್ಲಿ ಕುಂತ ನನ್ನ ನಾವಿ ನನ್ನ ನಾವಿ ಅಂತ ಹೊಡ್ಕೋಳುವಾಗ ನನಗ ಮೈ ಉರೀತಿತ್ತು. ಹೇಳ್ರಿ ಅಂದ್ರ ನಮ್ಮವರ ಏನಂದ್ರ ಗೊತ್ತೇನ? 'ಬಿಡ ಹುಚ್ಚಿ, ಅಂವ ಎಷ್ಟ ಖುಷೀಲೆ ಹೇಳತಾನ. ಪೇಪರ್ ಏನ, ನಾಳಿ ರದ್ದಿ ಆಕ್ಕೈತಿ. ಅಂವ ದಿನಾ ಬರವ.'"

ಯಲ್ಲಪ್ಪ ಕೂಡುತ್ತಿದ್ದ ಜಾಗವಿರಬೇಕು, ನಾನಾ ಕಟ್ಟೆಯ ಒಂದು ಮಗ್ಗುಲನ್ನು ಖಾಲಿ ಬಿಟ್ಟು, ಅದರ ಪಕ್ಕ ಕೂತರು. ಸತ್ಯವ್ವ ಚಹಾ ತಂದಿಟ್ಟಳು. ಅದು ಆರಿ ಹೋಯಿತು. ಹೊರಡುವಾಗ ಮಾತ್ರ ಶಮೀಮಾಳ ತಲೆಯ ಮೇಲೆ ಕೈಯಿಟ್ಟು, "ಅವನ ಹೆಸರ ಬರೀ ಬೇಟಿ. ಪೇಪರಿನವರ ಬಿಟ್ಟಾರ" ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಶಮೀಮಾ ಅತ್ತಳು. "ಈಗ ಏನ ಬರೀಲ್ರಿ ಬಾಯಾರ? ಹುಡಕಿದ್ದು ನಾನಾಂದ, ಸಿಕ್ಕಿದ್ದು ಬ್ಯಾರೇದವರದು."

"ಹುಡಕಿದ್ದು ಏನು, ಸಿಕ್ಕಿದ್ದು ಏನು, ಯಾರು ಏನ ಹೇಳಿದ್ರು, ಎಲ್ಲಾ ಇದ್ದಂಗ ಬರಿ" ಎಂದೆ. ನನಗೆ ಅದಕ್ಕಿಂತ ಹೆಚ್ಚಿಗೆ ತಿಳಿದಿರಲಿಲ್ಲ. ಈಗಲೂ ತಿಳಿದಿಲ್ಲ.

ಪೇಪರನ್ನು ಗಂಗವ್ವನಿಗೆ ಹೊಳ್ಳಿ ಕೊಟ್ಟು ಬಂದೆವು. ನಡೆದದ್ದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಆ ಬೆನ್ನಿನ ಕಡೆ ನೋಡಿದಳು. ಮತ್ತೆ ಹಾಸುವಾಗ ನಾವೆಯ ಮುಖ ಮೇಲೆ ಬರುವಂತೆ ಹಾಸಿದಳು.

ಪ್ರಬಂಧ ಕೊಟ್ಟ ಮರುದಿನ ಮಗದುಮ್ ಸರ್ ಅದನ್ನು ಹಿಡಿದುಕೊಂಡು ನೇರ ಲೈಬ್ರರಿಗೆ ಬಂದರು. ಮೇಜಿನ ಮುಂದೆ ಕೂತು, ಕೊನೆಯ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಆಧಾರಗಳ ಪಟ್ಟಿಯಲ್ಲಿ ಪುಸ್ತಕಗಳೆಲ್ಲ ಮುಗಿದ ಮೇಲೆ, ದಿನಪತ್ರಿಕೆಯ ಮೇಲಿನ ಅರ್ಧ ಪುಟ, ಶ್ರೀಮತಿ ಗಂಗವ್ವನವರ ಟ್ರಂಕು, ಕರೋಶಿ ಎಂದಿತ್ತು. ಅದರ ಕೆಳಗೆ ಫುಟ್‌ನೋಟ್: ಈ ಚಿತ್ರದಲ್ಲಿರುವ ನಾವೆ ಶ್ರೀ ಯಲ್ಲಪ್ಪ ಅಂಬಿಗರದು. ಹಾಗೆಂದು ಗುರುತಿಸಿದವರು ನನ್ನ ನಾನಾ. ನನ್ನ ನಾನಾ ಅವರ ನಾವೆಯ ಚಿತ್ರ ಇನ್ನೂ ಸಿಕ್ಕಿಲ್ಲ.

"ಬಾಯಾರ, ಕಾರ್ಡಿನ್ಯಾಗಿನ ಶ್ರೀ ಎಲ್ಲಾ ಹೊಡದ ಹಾಕಿದವರು ನೀವ. ಇಲ್ಲಿ ಮತ್ತ ಹೆಂಗ ಬಂದಾವ?"

"ಅವನ್ನ ತಗಿಯೂದಿಲ್ರಿ ಸರ್" ಎಂದೆ ನಾನು.

ಬಾಗಿಲಲ್ಲಿ ಸಿದ್ದಪ್ಪ ಎದೆಯುಬ್ಬಿಸಿ ಕೂತ. ಮಗದುಮ್ ಸರ್ ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದರು, ಫುಟ್‌ನೋಟಿನ ಮೇಲೆ ಹಿಡಿದರು, ಎಲ್ಲೂ ಊರದೆ ಮತ್ತೆ ಮುಚ್ಚಿದರು. "ಬಾಯಿಮಾತಿಲ್ಲಂದ್ರ ಈ ಫೋಟೋ ಯಾರದಂತ ಯಾವ ಪೇಪರೂ ಹೇಳತಿರಲಿಲ್ಲ ನೋಡ್ರಿ" ಎಂದು ಮೆಲ್ಲಗೆ ಅಂದರು. ಆಮೇಲೆ ದನಿ ಏರಿಸಿ, "ಧಾರವಾಡಕ್ಕ ಇದ ಹೋಗ್ಲಿ" ಎಂದರು.

ಧಾರವಾಡದಲ್ಲಿ ಶಮೀಮಾ ಓದಿದಾಗ ನಾನು ಹಿಂದಿನ ಸಾಲಿನಲ್ಲಿದ್ದೆ. ನಾನಾ ಮುಂದಿನ ಸಾಲಿನಲ್ಲಿ. ಕನ್ನಡಕ ತೆಗೆಯುವುದು, ಒರೆಸುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ಯಲ್ಲಪ್ಪನ ಹೆಸರು ಬಂದಾಗ ಪಕ್ಕದವನ ಕಡೆ ತಿರುಗಿ, "ನಮ್ಮ ದೋಸ್ತ" ಎಂದರು. ಅದು ನನಗೆ ಕೇಳಿಸಿತು. ಐ ವಾಸ್ ಸೋ ಪ್ರೌಡ್ ಎಂದು ಹೇಳಿದರೆ ಸಾಲದು.

ಬೇಸಿಗೆಗೆ ನನ್ನ ವರ್ಷ ಮುಗಿಯಿತು. ಮುಂದೆ ಯಜಮಾನರ ಜೊತೆ ಎಷ್ಟೋ ಊರು ತಿರುಗಿದೆ. ಲೈಬ್ರರಿಯ ಕೆಲಸ ಮತ್ತೆ ಸಿಗಲಿಲ್ಲ. ತೊಂಬತ್ತರ ದಶಕದ ನಡುವೆ ಒಮ್ಮೆ ಮಿರಜ್ ಸ್ಟೇಷನ್ನಿನಲ್ಲಿ ಯಾರೋ "ಬಾಯಾರ!" ಎಂದು ಕೂಗಿ ಓಡಿ ಬಂದರು. ಶಮೀಮಾ. ಕಂಕುಳಲ್ಲಿ ಮಗು, ಹೆಗಲಿಗೆ ಚೀಲ, ಅಲ್ಲೇ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ನಾನಾ ಹೋಗಿ ಎರಡು ವರ್ಷವಾಗಿತ್ತು. ನನ್ನ ಗಾಡಿ ಹೊರಡಲು ಸೀಟಿ ಊದಿತು. ಕಿಟಕಿಯ ಸರಳು ಹಿಡಿದು ಜೊತೆಗೆ ನಡೆಯುತ್ತ ಅವಳು ಕೇಳಿದ್ದು ಒಂದೇ.

"ಮರುದಿನದ ಪೇಪರ್ ಎಲ್ಲೆರೆ ಸಿಕ್ತೇನ್ರಿ ಬಾಯಾರ? ಎರಡೂ ನಾವಿ ಫೋಟೋ ತಗದಿದ್ನಂತಲ್ರಿ. ಒಂದ ದಿನ ಯಲ್ಲಪ್ಪಜ್ಜಂದ ಬಂದಿದ್ರ, ಮರುದಿನ ನಾನಾಂದ ಬಂದಿರಬೇಕಲ್ರಿ."

ಇರಬಹುದಲ್ಲ? ಅದಕ್ಕೇ ನಾನು ಯಾರ ಮನೆಗೆ ಹೋದರೂ, ಟ್ರಂಕು ತೆರೆದರೆಂದರೆ, ತಳದ ಪೇಪರು ಎತ್ತಿ ನೋಡುತ್ತೇನೆ. ಮಂದಿ ಏನು ಅಂದುಕೊಂಡರೂ ಸರಿ.

ಅಥಣಿಯ ಆ ಟ್ರಂಕು ನನ್ನ ತಂಗಿಯದು. ಅದರ ತಳದಲ್ಲಿದ್ದದ್ದು ಬೇರೆ ಯಾವುದೋ ವರ್ಷದ ಪೇಪರು, ಸಾಬೂನಿನ ಜಾಹೀರಾತು, ಸಿನೆಮಾದ ಜಾಹೀರಾತು. ಮಡಿಕೆಯಲ್ಲಿ ಹರಿದಿತ್ತು. ನಮ್ಮಪ್ಪ ಅದನ್ನು ಹಾಸುವಾಗ ನಾನು ಪಕ್ಕದಲ್ಲೇ ನಿಂತು ಬೇವಿನೆಲೆ ಕೊಟ್ಟಿದ್ದೆ. ಅದನ್ನು ಮತ್ತೆ ತಳಕ್ಕೆ ಹಾಸಿ ಅಂಗೈಯಿಂದ ಸವರಿ ಸಮ ಮಾಡಿದೆ. ಹೊಸದು ಹಾಸೋಣ ಎಂದು ಅಶ್ವಿನಿ ಅನ್ನುತ್ತಾಳೇನೋ ಎಂದು ಕಾದೆ. ಅವಳು ಅನ್ನಲಿಲ್ಲ. ಸೀರೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟಳು.

ಎರಡನೆಯ ಟ್ರಂಕು ತಂಗಿಯ ಅತ್ತೆಯದು. ಅಶ್ವಿನಿ ಅದರ ಮುಂದೆ ತಾನೇ ಮಂಡಿಯೂರಿದಳು. ಸೀರೆಗಳನ್ನು ಮಡಿಕೆ ಕೆಡದಂತೆ ತೆಗೆದು ಚಾಪೆಯ ಮೇಲಿಟ್ಟಳು. ಪೇಪರಿನ ಅಂಚು ಹಿಡಿದು, ಎತ್ತುವ ಮೊದಲು ನನ್ನ ಕಡೆ ತಿರುಗಿ ನೋಡಿದಳು.

"ಮೌಶಿ, ಗಳಾ ಬಲಗೈ ಮ್ಯಾಲ ಇರಬೇಕಲ್ಲ?"